ಡಬ್ಬಿಯೊಳಗಿನ ಹತ್ತಿ

ಡಬ್ಬಿಗೆ ಹತ್ತಿ ತುರುಕುವುದನ್ನು ಕಲಿಸಿದವಳು ಆಪೊಂಡಿ,
ಹೋಮಾ ಬೇ ಆಸ್ಪತ್ರೆಯ ಹಿಂದಿನ ಬೇಲಿಯ ಹತ್ತಿರ:
"ಮಟಾಟು ಗುಂಡಿಗೊಂದು ಸಲ ಕುಲುಕುತ್ತದೆ.
ಮಾತ್ರೆ ಗಲಗಲ ಎಂದರೆ
ಪಕ್ಕದವಳು ಸೊಂಟ ಸರಿಸಿಕೊಳ್ಳುತ್ತಾಳೆ."
ಹತ್ತಿಗೆ ದುಡ್ಡಿಲ್ಲದ ದಿನ
ಹಳೆಯ ಲೇಸೋ ಬಟ್ಟೆಯ ಅಂಚು ಹರಿದು ತುರುಕಿದೆ.
ಇಪ್ಪತ್ತೊಂದು ವರ್ಷ ನನ್ನ ಜೀವ
ಹೀಗೆ ಸದ್ದಿಲ್ಲದೆ ಪ್ರಯಾಣ ಮಾಡಿದೆ.

ಮೊದಲ ಮಾತ್ರೆ ಜೀವ ಉಳಿಸಿತು, ಮುಖ ಕಿತ್ತುಕೊಂಡಿತು.
ಕೆನ್ನೆ ಗುಳಿಬಿತ್ತು. ಅಂಗಾಲು ಕೆಂಡ.
ಇರುಳೆಲ್ಲ ಸರೋವರದ ನೀರಲ್ಲಿ ಕಾಲಿಟ್ಟು ಕೂತೆ.
ಊರಿಗೆ ನನ್ನ ಕೆನ್ನೆಯೇ ಡಂಗುರ.
ಆದರೂ ನುಂಗಿದೆ, ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ,
ರೇಡಿಯೋದ ಹೆಂಗಸು ವಾರ್ತೆ ಶುರುಮಾಡುವ ಹೊತ್ತಿಗೆ.
ಯಾವ ಸರ್ಕಾರ ಬಿತ್ತು, ಯಾವುದು ಎದ್ದಿತು, ಒಂದೂ ನೆನಪಿಲ್ಲ;
ನೀರು ತಣ್ಣಗಿತ್ತೇ, ಗಂಟಲಲ್ಲಿ ಸಿಕ್ಕಿತೇ,
ಅಷ್ಟೇ ನೆನಪು.

ಒಬುರಾ ಹೋದದ್ದು ಮಾತ್ರೆ ಬರುವ ಎರಡು ವರ್ಷ ಮೊದಲು.
ಎರಡು ವರ್ಷ.
ಬಲೆಯೊಂದು ಹರಿದು, ಮತ್ತೆ ಹೆಣೆದು, ಮತ್ತೆ ಹರಿಯುವಷ್ಟು ಹೊತ್ತು.
ನನಗೆ ಸಿಟ್ಟು ರೋಗದ ಮೇಲಲ್ಲ,
ಕ್ಯಾಲೆಂಡರಿನ ಮೇಲೆ.

ಆಮೇಲೆ ಆರು ಮಾತ್ರೆ ಮೂರಾಯಿತು, ಮೂರು ಒಂದಾಯಿತು.
ಅರ್ಧ ಕೆನ್ನೆ ಮರಳಿತು.
ಇನ್ನರ್ಧ ಕೇಳಲು ನಾನು ಹೋಗಲಿಲ್ಲ.
ನರ್ಸ್ ಓಗಾಯೋ ಒಂದು ದಿನ ಚೀಟಿ ಓದಿ ಹೇಳಿದ:
"ವೈರಸ್ ಕಾಣುತ್ತಿಲ್ಲ."
ಇಲ್ಲ ಅನ್ನಲಿಲ್ಲ. ಕಾಣುತ್ತಿಲ್ಲ ಅಂದ.
ಮೀನು ಮಾರುವವಳು ನಾನು, ಇವೆರಡರ ನಡುವಿನ ಅಂತರ ಬಲ್ಲೆ:
ನೀರು ಕನ್ನಡಿಯಾದ ದಿನವೂ
ತಳದಲ್ಲಿ ಎಂಬುಟಾ ಬಾಲ ಆಡಿಸುತ್ತಿರುತ್ತದೆ.
ಆದರೂ ಆ ಸಂಜೆ ಒಣಗಿದ ಒಮೆನಾ ಅಳೆಯುವಾಗ
ಗೊರೊಗೊರೊ ಡಬ್ಬದ ಮೇಲೆ ಎಲ್ಲರಿಗೂ
ಒಂದು ಹಿಡಿ ಹೆಚ್ಚೇ ಹಾಕಿದೆ.
ಯಾಕೆಂದು ಯಾರೂ ಕೇಳಲಿಲ್ಲ. ತೂಕದಲ್ಲಿ ಲಾಭವಾದರೆ ಯಾರು ಕೇಳುತ್ತಾರೆ?

ಮಗಳು ಅಡೋಯೋ. ಅಪ್ಪ ಹೋದ ವರ್ಷ ಹುಟ್ಟಿದವಳು.
ಹಾಲಿನ ಜೊತೆ, ಹೆಸರಿನ ಜೊತೆ ನಾನೇ ಕೊಟ್ಟದ್ದು ಅವಳಿಗೆ.
ಹದಿನಾರರಲ್ಲಿ ಶಾಲೆಯ ಹಾಸ್ಟೆಲಿನಲ್ಲಿ
ಮಾತ್ರೆಗಳನ್ನು ಹಾಸಿಗೆಯಡಿ ಸಾಲಾಗಿ ಮಲಗಿಸಿದ್ದಳು.
ನಾನು ಹೊಡೆಯಲಿಲ್ಲ. ಹೊಡೆಯಲು ಕೈ ಎತ್ತಿ
ಆ ಕೈಯಿಂದಲೇ ಹಾಸಿಗೆ ಮಡಚಿದೆ.
ಅಷ್ಟರಲ್ಲಿ ವೈರಸ್ ಮದ್ದಿಗೆ ಒಗ್ಗಿಹೋಗಿತ್ತು,
ದಿನಾ ಬರುವ ದೋಣಿಯ ಸದ್ದಿಗೆ ಮೀನು ಒಗ್ಗುವ ಹಾಗೆ.
ಬೇರೆ ಮಾತ್ರೆ, ಬೇರೆ ಬಣ್ಣ, ಮತ್ತೆ ಮೊದಲಿಂದ.

ಈಗ ಅವಳು ಫೋನಿನಲ್ಲಿ ಓದಿ ಹೇಳುತ್ತಾಳೆ:
"ಎರಡು ತಿಂಗಳಿಗೊಮ್ಮೆ ಸೂಜಿಯಂತಮ್ಮಾ. ಡಬ್ಬಿಯೇ ಇಲ್ಲ."
ಓಗಾಯೋ ತಲೆಯಾಡಿಸಿದ:
ಸೂಜಿ ಇಲ್ಲಿಗೆ ಬಂದರೂ ಮೊದಲು ಪರೀಕ್ಷೆಯಾಗಬೇಕು,
ಹಾಸಿಗೆಯಡಿಯ ಆ ಮಾತ್ರೆಗಳನ್ನು
ಅವಳ ರಕ್ತ ಇನ್ನೂ ಮರೆತಿರಲಿಕ್ಕಿಲ್ಲ.

ಈ ವರ್ಷ ಕಡಲಾಚೆ ಯಾರೋ ಕಾಗದದ ಮೇಲೆ ಗೆರೆ ಎಳೆದರು.
ಮೂರು ತಿಂಗಳ ಡಬ್ಬಿ ಹದಿನೈದು ದಿನಕ್ಕಿಳಿಯಿತು.
ಓಗಾಯೋಗೆ ಸಂಬಳವಿಲ್ಲ; ಕೀಲಿಕೈ ಅವನ ಕೊರಳಲ್ಲೇ ಇದೆ.
ಹಿತ್ತಲ ಗಿಡ ಮದ್ದಲ್ಲ, ಸರಿ.
ಆದರೆ ಮದ್ದಿನ ಗಿಡ ಯಾರ ಹಿತ್ತಲಲ್ಲಿದೆ
ಎಂದು ನಾವು ಕೇಳಲೇ ಇಲ್ಲ ಇಷ್ಟು ದಿನ.
ಮೊನ್ನೆ ಕತ್ತಲಾದ ಮೇಲೆ ಆಪೊಂಡಿ ಬಂದಳು, ಖಾಲಿ ಡಬ್ಬಿಯೊಂದಿಗೆ.
ಎಂಟು ಎಣಿಸಿಕೊಟ್ಟೆ.
ನನ್ನದರಲ್ಲಿ ಉಳಿದದ್ದು ಎಷ್ಟೆಂದು ಅವಳು ಕೇಳಲಿಲ್ಲ,
ನಾನು ಹೇಳಲಿಲ್ಲ.

ತುಂಬಿದ ಡಬ್ಬಿಗೆ ಹೆಚ್ಚು ಸದ್ದಿಲ್ಲ.
ಐದಾರು ಉಳಿದಾಗಲೇ ಅದು ಬಾಯಿ ಬಿಡುವುದು.
ಇವತ್ತು ಕಿಸುಮುವಿನ ದೊಡ್ಡ ಕಚೇರಿಗೆ ಹೊರಟಿದ್ದೇವೆ,
ಹನ್ನೊಂದು ಹೆಂಗಸರು, ಒಂದೇ ಮಟಾಟು.
ಅಡೋಯೋ ನನ್ನ ಚೀಲಕ್ಕೆ ಕೈ ಹಾಕಿ, ಮುಚ್ಚಳ ತಿರುಗಿಸಿ,
ಹತ್ತಿಯನ್ನು ಕಿಟಕಿಯಿಂದಾಚೆ ಬಿಟ್ಟಳು.
ನನ್ನ ಪಕ್ಕದಲ್ಲಿ ಗುರುತಿಲ್ಲದ ಹುಡುಗ, ಕಾಲ ಮೇಲೆ ಕೋಳಿ.
ಮುಂದೆ ರಸ್ತೆಯಲ್ಲಿ
ದೊಡ್ಡ ಗುಂಡಿ.